ಕಲ್ಲಹಟ್ಟಿಗೆ ಓಗೊಟ್ಟವರು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಸೋಂಕು ಮೊದಲಾದವುಗಳಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನಂಬುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಯಾರ ಮನೆಯ ಮಗುವಿಗಾದರೂ ಜ್ವರ ಬಂದು ಬೇಗ ಇಳಿಯದಿದ್ದರೆ, ಹೊಳೆಯ ದಡದಲ್ಲಿ ಏನೋ ಸೋಕಿದೆ ಎಂದು ಬೇವಿನ ಸೊಪ್ಪು ಹಿಡಿದುಕೊಂಡು ಬರುವ ಹೆಂಗಸರಿದ್ದರು. ನಾನು ಅವರೊಡನೆ ಬೀದಿಯಲ್ಲಿ ನಿಂತು ವಾದಿಸುತ್ತಿದ್ದೆ. ನಮ್ಮವ್ವ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಾಸನದಲ್ಲಿ ಓದುವಾಗ ಗೆಳೆಯರು ಪಂಥ ಕಟ್ಟಿದರೆಂದು ಸ್ಮಶಾನದ ಪಕ್ಕದ ಹುಣಿಸೆಮರದ ಕೆಳಗೆ ಚಾಪೆ ಹಾಸಿಕೊಂಡು ಮಲಗಿ, ಸೊಳ್ಳೆ ಕಚ್ಚಿಸಿಕೊಂಡು ಎದ್ದು ಬಂದವನು ನಾನು. ಅಂಥವನು ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕು ಎಂದು ನನ್ನ ಹಟವೇನೂ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಸುಮ್ಮನಾಗುತ್ತೇನೆ. ನಿಜವಾಗಿ ಸುಮ್ಮನಾಗಲು ನನಗೆ ಇನ್ನೂ ಸಾಧ್ಯವಾಗಿಲ್ಲ, ಅದು ಬೇರೆ ಮಾತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮೇಷ್ಟರ ತರಬೇತಿ ಮುಗಿಸಿ ಸರ್ಕಾರಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಕೊನೆಗೆ ಸಿಕ್ಕಿದ್ದು ಅರಕಲಗೂಡಿಗೆ ಪಶ್ಚಿಮದ ಗುಡ್ಡಗಳಲ್ಲಿದ್ದ ಒಂದು ಮಿಷನ್ ಶಾಲೆ. ಕೊಣನೂರಿನಿಂದ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ಹಾದಿ, ಆಮೇಲೆ ಒಂದು ಹಳ್ಳ ದಾಟಿ ಗುಡ್ಡ ಹತ್ತಬೇಕು. ಕ್ರೈಸ್ತರ ಶಾಲೆ ಎಂದು ಕೇಳಿ ನಮ್ಮವ್ವ ಎರಡು ದಿನ ಒಲೆ ಹಚ್ಚಲಿಲ್ಲ. ಆಮೇಲೆ, "ಪಾಠ ಏಳ್ಕೊಡು, ಆದ್ರೆ ಅವರ ನೀರು ಕುಡೀಬ್ಯಾಡ ಕಣಪ್ಪ" ಎಂದು ಒಂದು ತಾಮ್ರದ ಚೊಂಬು ಕೊಟ್ಟು ಕಳಿಸಿದಳು. ಕೊರಳಿನ ಲಿಂಗವನ್ನು ಮುಟ್ಟಿಸಿ ಆಣೆ ಮಾಡಿಸಿಕೊಂಡಳು. ಗುಡ್ಡದ ಮೇಲೆ ಇದ್ದದ್ದು ಒಂದೇ ಬಾವಿ. ಹಗ್ಗ ಹಿಡಿದು ನೀರು ಸೇದುತ್ತಿದ್ದವರು ಅಲ್ಲಿನ ಹೆಡ್ ಮಿಸ್ಟ್ರೆಸ್ ಜೀವರತ್ನಮ್ಮನವರು. ನನ್ನ ಚೊಂಬನ್ನು ನೋಡಿ, ಆಣೆಯ ಮಾತು ಕೇಳಿ ಅವರು, "ಬೇರೆ ಬಾವಿ ನೀವೇ ತೋಡ್ಕೊಳ್ಳಿ ಮೇಷ್ಟ್ರೇ, ಗುದ್ದಲಿ ಒಳಗಿದೆ" ಎಂದರು. ಬಿಸಿಲಿನಲ್ಲಿ ಗುಡ್ಡ ಹತ್ತಿ ಬಂದಿದ್ದೆ. ಆ ನೀರನ್ನೇ ಕುಡಿದೆ.

ಜೀವರತ್ನಮ್ಮ ಹಾಸನದವರು. ಅವರ ತಂದೆಯ ಕಾಲದಲ್ಲೇ ಮನೆಯವರು ಕ್ರೈಸ್ತರಾಗಿದ್ದರು. ಮದುವೆಯಾಗಿರಲಿಲ್ಲ. ಆ ಶಾಲೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಮಿಷನ್ನಿನವರು ಯಾವುದೋ ದೊರೆಸಾನಿಯ ಹೆಸರು ಹೇಳುತ್ತಿದ್ದರು. ಆ ದೊರೆಸಾನಿ ಕುದುರೆಯ ಮೇಲೆ ಬಂದು, ಗುಡ್ಡದ ನೆತ್ತಿಯನ್ನು ತೋರಿಸಿ, ಪ್ರಾರ್ಥನೆ ಮಾಡಿ ಇಳಿದುಹೋದರಂತೆ. ಉಳಿದದ್ದನ್ನೆಲ್ಲ ಮಾಡಿದವರು ಇವರು. ಮೂವತ್ತರ ದಶಕದ ಮೊದಲಲ್ಲಿ ಹುಲ್ಲಿನ ಮಾಡು ಹಾಕಿಸಿಕೊಂಡು ಕುಳಿತಾಗ ಒಂದು ಮಗುವೂ ಬರಲಿಲ್ಲ. ಸುತ್ತಲಿನ ಹಟ್ಟಿಗಳಿಗೆಲ್ಲ ಚಳಿಜ್ವರ. ಇವರು ಕ್ವಿನೈನ್ ಮಾತ್ರೆ ಹಿಡಿದುಕೊಂಡು ಹಟ್ಟಿಯಿಂದ ಹಟ್ಟಿಗೆ ಅಲೆದರು. ಜನ ಮಾತ್ರೆ ತೆಗೆದುಕೊಂಡರು, ಮಕ್ಕಳನ್ನು ಕೊಡಲಿಲ್ಲ. ಜಾತಿ ಕೆಡಿಸುತ್ತಾರೆ ಎಂಬ ಹೆದರಿಕೆ ಒಂದು ಕಡೆ ಇದ್ದೇ ಇತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ದಾರಿಯದು. ಕಾಡಿನ ಕಾಲುದಾರಿಗಳು, ಮೇಲೆ ಮಂಜು, ರಾಗಿ ಹಾಲುಗಟ್ಟುವ ಹೊತ್ತಿಗೆ ಆನೆ.

ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಸಂತೆಗೋ ದನ ಮೇಯಿಸುವುದಕ್ಕೋ ಹೋದವರು ಸಂಜೆ ತಮ್ಮ ಹಟ್ಟಿಯ ಮೇಲಿನ ತಿರುವಿಗೆ ಬಂದು ನಿಂತು, ತಾವು ಹೊರಟುಬಂದ ಜಾಗದ ಕಡೆಗೆ ಮುಖ ಮಾಡಿ "ಕೂ" ಎಂದು ಕೂಗಬೇಕು. ಅಲ್ಲಿರುವವರು "ಓ" ಎನ್ನಬೇಕು. ಓ ಕೇಳಿಸಿದರೆ ಹಿಂದೆ ಯಾರೂ ಉಳಿದಿಲ್ಲ, ಎಲ್ಲ ಸರಿಯಾಗಿದೆ ಎಂದು ಅರ್ಥ. ಓ ಬರದಿದ್ದರೆ ತಿರುವಿನಿಂದ ಕೆಳಗೆ ಇಳಿಯಬಾರದು. ಏನೋ ಕೆಟ್ಟಿದೆ ಎಂದು ಅಲ್ಲೇ ಕಾಯಬೇಕು. ಕತ್ತಲಾದರೂ ಕಾಯಬೇಕು. ಹಟ್ಟಿಯ ಹಿರಿಯನೊಬ್ಬ ಜೀವರತ್ನಮ್ಮನವರಿಗೆ ಕೊನೆಗೆ ಹೇಳಿದ್ದು ಇಷ್ಟೇ ಅಂತೆ. "ನಮ್ ಐಕ್ಳು ಸಂಜೀಲಿ ಕೂ ಅಂದ್ರೆ ಓ ಅನ್ನೋರು ಬೇಕು ಕಣಮ್ಮ. ಅದಾಯ್ತದ? ಆದ್ರೆ ಕಳುಸ್ತೀವಿ." ಇವರು ಆಗುತ್ತದೆ ಎಂದರು. ಶಾಲೆ ನಡೆದದ್ದು ಆ ಮಾತಿನ ಮೇಲೆ.

ನಾನು ಹೋದಾಗ ನಾಲ್ಕು ಹಟ್ಟಿಗಳ ಮಕ್ಕಳು ಬರುತ್ತಿದ್ದರು. ಉತ್ತರಕ್ಕೆ ಕಲ್ಲಹಟ್ಟಿ ಎಂದು ಐದನೆಯದೊಂದು ಇತ್ತಂತೆ. ಒಂದು ವರ್ಷ ಚಳಿಜ್ವರ ಅರ್ಧ ಹಟ್ಟಿಯನ್ನು ನುಂಗಿ, ಉಳಿದವರು ಬಿಟ್ಟುಹೋದ ಮೇಲೆ ಅಲ್ಲಿ ಬರೀ ಮುರುಕು ಗೋಡೆ. ಸಂಜೆಯಾದರೆ ಜೀವರತ್ನಮ್ಮ ಶಾಲೆಯ ಮುಂದಿನ ಬಂಡೆ ಹತ್ತುತ್ತಿದ್ದರು. ಅತಿ ದೂರದ ಮೇಗಳಹಟ್ಟಿ ಮೊದಲು, ಹತ್ತಿರದ್ದು ಕೊನೆಗೆ; ಹತ್ತಿರದ ಮಕ್ಕಳು ತಮ್ಮ ಸರದಿ ಬರುವವರೆಗೆ ತಿರುವಿನಲ್ಲಿ ಕಾಯಬೇಕು. ಪ್ರತಿ ಸಲವೂ ಹಟ್ಟಿಯ ಹೆಸರನ್ನು ಎಳೆದು ಹೇಳಿ ಆಮೇಲೆ ಓ ಎನ್ನುವುದು ಅವರದೇ ರೂಢಿ. "ಮೇಗಳಹಟ್ಟೀ... ಓ..." ಎದೆ ಅಷ್ಟು ಗಟ್ಟಿಯಿರಲಿಲ್ಲವಾಗಿ ಆ ಓ ತುದಿಯಲ್ಲಿ ಸಣ್ಣಗೆ ಮುರಿದು, ಮತ್ತೆ ಸ್ವಲ್ಪ ಮೇಲೆದ್ದು ನಿಲ್ಲುತ್ತಿತ್ತು. ಮಕ್ಕಳು ಅವರು ಕಾಣದಂತೆ ಅದನ್ನು ಅಣಕಿಸಲು ನೋಡುತ್ತಿದ್ದರು. ಯಾರಿಗೂ ಅದು ಬರುತ್ತಿರಲಿಲ್ಲ. ನಾನೂ ಬಾವಿಯ ಹತ್ತಿರ ಗುಟ್ಟಾಗಿ ಪ್ರಯತ್ನಿಸಿ ನೋಡಿದ್ದೇನೆ.

ನಾನು ಹೋದ ಎರಡನೆಯ ವರ್ಷ ಅವರ ಗಂಟಲು ಕೆಟ್ಟಿತು. ಮೊದಲು ಕರಕರ ಎಂದಿತು, ಆಮೇಲೆ ನೋವು, ಆಮೇಲೆ ಮಾತೇ ಹೊರಡದಾಯಿತು. ಅವರ ತಂಗಿ ಬಂದು ಗಾಡಿಯಲ್ಲಿ ಮಲಗಿಸಿಕೊಂಡು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊರಡುವಾಗ ಜೀವರತ್ನಮ್ಮ ನನ್ನ ಕೈ ಹಿಡಿದು ಬಂಡೆಯ ಕಡೆ ತೋರಿಸಿದರು. ನನಗೆ ಅರ್ಥವಾಯಿತು. ಅಂದಿನಿಂದ ಓ ಎನ್ನುವ ಕೆಲಸ ನನ್ನದು. ಶಾಲೆಯಲ್ಲಿ ಉಳಿದವನು ನಾನೊಬ್ಬನೇ. ಕೆಳಗಿನ ಊರು ಗುಡ್ಡದ ಬೆನ್ನಿಗಿತ್ತು, ಅಲ್ಲಿಗೆ ಹಟ್ಟಿಗಳ ಕೂ ಕೇಳಿಸುತ್ತಿರಲಿಲ್ಲ.

ಈಗ ಆ ಸಂಜೆಗೆ ಬರುತ್ತೇನೆ.

ಸ್ವಾತಿ ಮಳೆಯ ದಿನಗಳು. ಕೊಣನೂರಿನ ಸಂತೆಯ ದಿನ ಕ್ವಿನೈನ್ ಮತ್ತು ಸೀಮೆಎಣ್ಣೆ ಬರುವುದಿತ್ತು. ಆಗ ಎರಡಕ್ಕೂ ಬರಗಾಲ. ಗಾಡಿ ಹಳ್ಳದ ಆಚೆ ದಡದವರೆಗೆ ಮಾತ್ರ ಬರುತ್ತಿತ್ತು, ಅಲ್ಲಿಂದ ಹೊತ್ತು ತರಬೇಕು. ಮಧ್ಯಾಹ್ನ ಮಕ್ಕಳನ್ನು ಎಂದಿನ ಹೊತ್ತಿಗೆ ಬಿಟ್ಟು, ಬಾಗಿಲಿಗೆ ಬೀಗ ಹಾಕಿ, ಕೀಲಿಕೈ ಜೇಬಿಗಿಟ್ಟುಕೊಂಡು ಇಳಿದೆ. ಮಕ್ಕಳು ತಂತಮ್ಮ ತಿರುವುಗಳನ್ನು ಮುಟ್ಟುವಷ್ಟರಲ್ಲಿ ಮುಸ್ಸಂಜೆಯಾಗುತ್ತಿತ್ತು. ಅದಕ್ಕೆ ಮುಂಚೆ ಹಿಂದಿರುಗುವುದು ನನಗೆ ಸಲೀಸು. ಎಷ್ಟೋ ಸಲ ಹಾಗೆ ಹೋಗಿ ಬಂದಿದ್ದೆ.

ಹಳ್ಳಕ್ಕೆ ಅಡ್ಡಲಾಗಿ ಒಂದು ದೊಡ್ಡ ಮರದ ದಿಮ್ಮಿ ಹಾಕಿತ್ತು. ಅದರ ಮೇಲೆ ನಡೆದು ಆಚೆ ಹೋದೆ. ಗಾಡಿ ತಡವಾಯಿತು. ಬಂದಾಗ ಗಾಡಿಯವನ ಜೊತೆ ಸಂತೆಗೆ ಹೋಗಿದ್ದ ಕೆಳಗಿನ ಊರಿನವರೂ ಇದ್ದರು. ಡಬ್ಬ ಇಳಿಸಿಕೊಂಡು ತಿರುಗುವಷ್ಟರಲ್ಲಿ ಹಳ್ಳದ ಸದ್ದು ಬದಲಾಗಿತ್ತು. ನಾವು ನಿಂತ ಕಡೆ ಒಂದು ಹನಿ ಬಿದ್ದಿರಲಿಲ್ಲ. ಮೇಲೆ ಎಲ್ಲೋ ಮಳೆ ಹೊಡೆದಿರಬೇಕು. ಕೆಂಪು ನೀರು ಕಣ್ಣೆದುರಿಗೇ ಏರಿ ದಿಮ್ಮಿಯನ್ನು ಮುಳುಗಿಸಿತು.

"ಈಗ ಇಳೀಬ್ಯಾಡಿ ಸಾ, ಕೊಚ್ಕಂಡೋಯ್ತದೆ" ಎಂದು ಗಾಡಿಯವನು ನನ್ನ ರಟ್ಟೆ ಹಿಡಿದ.

"ಮಕ್ಳು ಕೂ ಅಂತಾರೆ ಕಣಯ್ಯ, ಓ ಅನ್ನೋರ್ಯಾರು?"

"ನೀರ್ ಇಳೀಲಿ ಸಾ. ಇಳೀತದೆ."

ಎಷ್ಟು ಹೊತ್ತಿಗೆ ಇಳಿಯುತ್ತದೆ? ಅವನಿಗೇನು ಗೊತ್ತು? ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ದಡದುದ್ದಕ್ಕೂ ಮೇಲೆ ಓಡಿದೆ, ಕೆಳಗೆ ಓಡಿದೆ. ದಾಟುವ ಜಾಗ ಎಲ್ಲೂ ಇರಲಿಲ್ಲ. ಆ ವಾರವಷ್ಟೇ ನಾಲ್ಕು ಹಟ್ಟಿಗಳಲ್ಲಿ ಒಂದಾದ ಬಿದಿರುಕೊಪ್ಪಲಿನ ಹತ್ತಿರ ಆನೆಗಳು ಇಳಿದು ರಾಗಿ ಹೊಲ ತುಳಿದಿದ್ದವು. ನಾಲ್ಕು ತಿರುವುಗಳಲ್ಲಿ ನಾಲ್ಕು ಗುಂಪು ಮಕ್ಕಳು ಕೂ ಎಂದು ಕೂಗಿ, ಓ ಬಾರದೆ, ಒಬ್ಬರಿಗೊಬ್ಬರು ಅಂಟಿಕೊಂಡು ಕತ್ತಲಲ್ಲಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ಇನ್ನೆಲ್ಲಿಯ ಮಕ್ಕಳೇ ಆಗಲಿ, ಹಸಿವಾದರೆ ಮನೆಗೆ ಓಡಿಬಿಡುತ್ತಿದ್ದರು. ಇವರು ಓಡುವವರಲ್ಲ. ಓ ಬರದೆ ಇಳಿಯಬಾರದು ಎಂದು ನಡೆಯಲು ಕಲಿತಾಗಿನಿಂದ ಕೇಳಿದವರು. ಜನರ ಆ ಪದ್ಧತಿಯನ್ನೂ, ಅದಕ್ಕೆ ಒಪ್ಪಿಕೊಂಡ ಜೀವರತ್ನಮ್ಮನವರನ್ನೂ ಮನಸ್ಸಿನಲ್ಲೇ ಬಯ್ದೆ. ಭಯವಾದಾಗ ನನಗೆ ಸಿಟ್ಟು ಬರುತ್ತದೆ, ಇವತ್ತಿಗೂ ಹಾಗೆಯೇ.

ಬೆಳಕು ಬೂದಿಬಣ್ಣಕ್ಕೆ ತಿರುಗಿತು. ಗುಡ್ಡದ ನೆತ್ತಿಯ ಮೇಲೆ ಮಂಜು ಇಳಿಯುತ್ತಿತ್ತು. ಆಗ ಬಹಳ ಮೇಲಿನಿಂದ, ತೆಳ್ಳಗೆ, ಮೊದಲನೆಯ ಕೂ ಕೇಳಿಸಿತು. ಮೇಗಳಹಟ್ಟಿಯದು. ನಾನು ಗಂಟಲು ಹರಿಯುವ ಹಾಗೆ ಓ ಎಂದು ಕಿರುಚಿದೆ. ಹಳ್ಳದ ಭೋರ್ಗರೆತವನ್ನು ದಾಟಿ ನನ್ನ ದನಿ ಮೇಲಕ್ಕೆ ಏರಲಿಲ್ಲ. ಗಾಡಿಯವನೂ ಉಳಿದವರೂ ಸೇರಿ ಕಿರುಚಿದರು. ಏನೂ ಪ್ರಯೋಜನವಾಗಲಿಲ್ಲ. ಮತ್ತೆ ಕೂ ಎಂದರು. ಮತ್ತೆ. ಮೂರನೆಯ ಸಲ ಆ ಕೂಗಿನಲ್ಲಿ ಅಳು ಬೆರೆತಿತ್ತು ಎಂದು ನನಗನ್ನಿಸಿತು.

ಅಷ್ಟರಲ್ಲಿ ಶಾಲೆಯ ಬಂಡೆಯ ಕಡೆಯಿಂದ ಓಗೊಟ್ಟರು.

"ಮೇಗಳಹಟ್ಟೀ... ಓ..."

ತುದಿಯಲ್ಲಿ ಮುರಿದು, ಮತ್ತೆ ಸ್ವಲ್ಪ ಮೇಲೆದ್ದು ನಿಂತಿತು. ನನಗೆ ಆ ಕ್ಷಣದಲ್ಲಿ ಯಾವ ಆಶ್ಚರ್ಯವೂ ಆಗಲಿಲ್ಲ ಎಂದರೆ ನೀವು ನಗಬಹುದು. ಸಂತೋಷವಾಯಿತು, ಅಷ್ಟೇ. ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಗಾಡಿಯವನು ಹಲ್ಲು ಕಿರಿದು, "ಅಮ್ಮಾವ್ರು ಯಾವಾಗ ಬಂದ್ರು ಸಾ? ಏಳ್ಲೇ ಇಲ್ವಲ್ಲ ನೀವು!" ಎಂದ. ಬೇರೆ ದಾರಿಯಿಂದ ಬಂದಿರಬೇಕು, ಗಂಟಲು ವಾಸಿಯಾಗಿರಬೇಕು ಎಂದೇ ನಾನೂ ತಿಳಿದೆ. ಒಂದಾದ ಮೇಲೊಂದು ಕೂ ಬಂದವು. ಅವರದೇ ಕ್ರಮದಲ್ಲಿ, ಅವರದೇ ರಾಗದಲ್ಲಿ, ಪ್ರತಿಯೊಂದಕ್ಕೂ ಓ ಬಂತು. ನಾಲ್ಕು ಹಟ್ಟಿಗಳೂ ಮುಗಿದವು. ನಾವು ಬೀಡಿ ಹಚ್ಚಿಕೊಂಡೆವು.

ಆಗ ಮತ್ತೆ ಕರೆದರು. ಈ ಸಲ ದನಿ ನಮ್ಮ ಕಡೆಗೆ ಬೆನ್ನು ಮಾಡಿದ ಹಾಗೆ ಮಂಕಾಗಿತ್ತು. ಆದರೂ ಮಾತು ಸ್ಪಷ್ಟವಾಗಿತ್ತು.

"ಕಲ್ಲಹಟ್ಟೀ... ಓ..."

ಗಾಡಿಯವನ ಬೀಡಿ ಕೈಯಲ್ಲೇ ಉಳಿಯಿತು. "ಅಲ್ಯಾರವ್ರೆ ಸಾ? ಆಳಟ್ಟಿ ಅದು. ಆಳಟ್ಟಿ ಕಡೀಕೆ ಓ ಅನ್ಬಾರ್ದು" ಎಂದ. ಅವರ ನಂಬಿಕೆ ಅದು. ಹಾಳುಬಿದ್ದ ಹಟ್ಟಿಯ ಕಡೆಯಿಂದ ಕೂಗು ಕೇಳಿಸಿದರೆ ಅದು ಸತ್ತವರದು, ಓಗೊಟ್ಟರೆ ಹಿಂದೆಯೇ ಬರುತ್ತಾರೆ ಎಂದು. ನಮಗೆ ಆ ಕಡೆಯಿಂದ ಯಾವ ಕೂಗೂ ಕೇಳಿಸಿರಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ, "ಕಲ್ಲಹಟ್ಟೀ... ಓ..." ಸ್ವಲ್ಪ ಬಿಟ್ಟು ಮತ್ತೆ. ನಿಲ್ಲಲೇ ಇಲ್ಲ. ಕತ್ತಲಾಗುತ್ತಾ ಬಂದ ಹಾಗೆ ಬೇಗ ಬೇಗ ಬರತೊಡಗಿತು. ಕಾಯಿಲೆಯ ಹೆಂಗಸು ಹೀಗೇಕೆ ಗಂಟಲು ಹರಿದುಕೊಳ್ಳುತ್ತಿದ್ದಾರೆ ಎಂದು ನನಗೆ ಮೊದಲು ಬೇಜಾರಾಯಿತು. ಆಮೇಲೆ ಇನ್ನೊಂದು ಹೊಳೆಯಿತು. ಅಷ್ಟು ಉದ್ದದ ಉಸಿರು ಜೀವರತ್ನಮ್ಮನವರಿಗೆ ಎಂದೂ ಇರಲಿಲ್ಲ. ಒಂದು ಸಲ ಓ ಎಂದರೆ ಅವರು ಎದೆ ಒತ್ತಿ ಹಿಡಿದು ಸುಧಾರಿಸಿಕೊಳ್ಳುತ್ತಿದ್ದರು.

ಕೊನೆಗೊಮ್ಮೆ ನಿಂತಿತು. ಹಳ್ಳವೂ ಅದರ ಬೆನ್ನಿಗೇ ಇಳಿಯತೊಡಗಿತು. ದಿಮ್ಮಿಯ ನೆತ್ತಿ ಕಂಡ ಕೂಡಲೆ ಗಾಡಿಯವನ ಲಾಂದ್ರ ಕಿತ್ತುಕೊಂಡು ನಾನು ದಾಟಿದೆ. ಜೊತೆಗೆ ಯಾರೂ ಬರಲಿಲ್ಲ. ಗುಡ್ಡವನ್ನು ಹೇಗೆ ಹತ್ತಿದೆನೋ ತಿಳಿಯದು, ಡಬ್ಬಗಳನ್ನು ಆಚೆ ದಡದಲ್ಲೇ ಬಿಟ್ಟು ಬಂದಿದ್ದೆ ಎಂಬುದು ಮಾರನೆಯ ದಿನ ನೆನಪಾಯಿತು.

ಶಾಲೆ ಕತ್ತಲಲ್ಲಿ ಮುಳುಗಿತ್ತು. ಬೀಗ ನಾನು ಹಾಕಿದಂತೆಯೇ ಇತ್ತು. ಬಂಡೆಯ ಮೇಲೆ ಯಾರೂ ಇರಲಿಲ್ಲ. "ಅಮ್ಮಾವ್ರೇ" ಎಂದು ಕರೆದೆ. ಜಗಲಿಯ ಮೂಲೆಯಲ್ಲಿ ಏನೋ ಅಲುಗಿತು. ಲಾಂದ್ರ ಎತ್ತಿ ನೋಡಿದರೆ ಮೇಗಳಹಟ್ಟಿಯ ಚೆನ್ನಿ. ಎರಡನೆಯ ತರಗತಿಯ ಹುಡುಗಿ. ಲಂಗ ಮುಳ್ಳಿಗೆ ಸಿಕ್ಕಿ ಹರಿದಿತ್ತು, ಮೊಣಕಾಲಿನಲ್ಲಿ ರಕ್ತ, ಉಡಿಯಲ್ಲಿ ಮಾತ್ರ ನೆಲ್ಲಿಕಾಯಿ ಹಾಗೆಯೇ ಇದ್ದವು.

ಅವಳ ಕೈಕಾಲು ಉಜ್ಜಿ, ಕಂಬಳಿ ಹೊದಿಸಿ, ಒಲೆಯ ಮುಂದೆ ಕೂರಿಸಿದ ಮೇಲೆ ಬಾಯಿ ಬಿಟ್ಟಳು. ನೆಲ್ಲಿಕಾಯಿ ಆಯುತ್ತಾ ಗುಂಪಿನಿಂದ ಹಿಂದೆ ಉಳಿದಿದ್ದಾಳೆ. ಮಂಜು ಮುಸುಕಿದೆ. ಕವಲಿನಲ್ಲಿ ಮೇಲಿನ ದಾರಿ ಹಿಡಿಯುವ ಬದಲು ಕೆಳಗಿನದನ್ನು ಹಿಡಿದು ಕಲ್ಲಹಟ್ಟಿಗೆ ಇಳಿದಿದ್ದಾಳೆ. ಮುರುಕು ಗೋಡೆಗಳ ನಡುವೆ ನಿಂತು ಅತ್ತು, ಆಮೇಲೆ ಕಲಿತದ್ದನ್ನು ಮಾಡಿದ್ದಾಳೆ. ಕೂ ಎಂದಿದ್ದಾಳೆ.

"ಅಮ್ಮಾವ್ರು ಓ ಅಂದ್ರು ಸಾ. ಆ ಕಡೀಕೆ ಬಂದೆ. ಮಂಜ್ನಾಗೆ ದಾರಿ ತಪ್ಪಿದ್ರೆ ಅಂಗೇ ನಿಂತ್ಕೊಳಾದು, ತಿರ್ಗಾ ಓ ಅಂತಿದ್ರು, ತಿರ್ಗಾ ಬರಾದು."

"ಅಮ್ಮಾವ್ರನ್ನ ನೋಡ್ದ್ಯಾ?"

"ಇಲ್ಲ ಸಾ. ಒಳಗವ್ರೆ ಅಂತ ಬಾಗ್ಲು ತಟ್ದೆ. ತಗೀನೇ ಇಲ್ಲ."

ಇದನ್ನು ಹೇಳಿದಾಗ ಅವಳಿಗೆ ಸ್ವಲ್ಪವೂ ಹೆದರಿಕೆ ಇರಲಿಲ್ಲ. ಬಾಗಿಲು ತೆಗೆಯಲಿಲ್ಲ ಎಂಬ ಕೋಪವಿತ್ತು. ನಾನು ಎದ್ದು ಒಳಗಿನ ಎರಡು ಕೋಣೆಗಳನ್ನೂ, ಅಡಿಗೆಯ ಮನೆಯನ್ನೂ, ಬಾವಿಯ ಸುತ್ತನ್ನೂ ಹುಡುಕಿದೆ. ಹುಡುಕಿದ್ದು ಯಾರನ್ನು ಎಂದು ಕೇಳಿದರೆ ಹೇಳಲಾರೆ.

ಸ್ವಲ್ಪ ಹೊತ್ತಿಗೆ ದೊಂದಿ ಹಿಡಿದುಕೊಂಡು ಅವಳಪ್ಪ ಬೋರಯ್ಯ ಇನ್ನಿಬ್ಬರ ಜೊತೆ ಓಡುತ್ತ ಬಂದ. ಗುಂಪಿನ ಮಕ್ಕಳು ಚೆನ್ನಿ ಬಿದಿರುಕೊಪ್ಪಲಿನ ಸೋದರತ್ತೆಯ ಮನೆಗೆ ಹೋಗಿರಬೇಕು ಎಂದುಕೊಂಡು ಕೂ ಹಾಕಿ ಇಳಿದುಬಿಟ್ಟಿದ್ದರು. ಅಲ್ಲಿ ಅವಳಿಲ್ಲ ಎಂದು ತಿಳಿದ ಮೇಲೆ ಇವನು ಎದೆ ಬಡಿದುಕೊಳ್ಳುತ್ತ ಬಂದಿದ್ದ. ಮಗಳನ್ನು ಕಂಡವನೇ ಅವಳ ಬೆನ್ನಿಗೊಂದು ಗುದ್ದಿ, ಆಮೇಲೆ ಎತ್ತಿಕೊಂಡು ಗೊಳೋ ಎಂದು ಅತ್ತ.

"ದೊಡ್ಡೋರು ನೀವು, ಅಮ್ಮಾವ್ರಂಗೇ ಓ ಅಂದು ನನ್ ಕೂಸ ಉಳುಸ್ಬುಟ್ರಿ" ಎಂದು ನನ್ನ ಕಾಲಿಗೆ ಬಗ್ಗಿದ.

ನಾನು ಅವನನ್ನು ಎಬ್ಬಿಸಿ ಇದ್ದದ್ದನ್ನು ಹೇಳಿದೆ. ನಾನಲ್ಲ, ನಾನು ಹಳ್ಳದ ಆಚೆ ಸಿಕ್ಕಿಕೊಂಡಿದ್ದೆ, ಇಲ್ಲಿ ಯಾರೂ ಇರಲಿಲ್ಲ. ಅವನು ನನ್ನ ಮುಖವನ್ನೇ ನೋಡಿದ. ಜೊತೆಯವರಿಬ್ಬರು ಅಂಗಳಕ್ಕೆ ಇಳಿದು ನಿಂತರು. ಇನ್ನು ನಾಳೆಯಿಂದ ಒಂದು ಮಗುವೂ ಈ ಗುಡ್ಡ ಹತ್ತುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಬೋರಯ್ಯ ಮಗಳನ್ನು ಹೆಗಲಿಗೆ ಏರಿಸಿಕೊಂಡು, "ಯಾರಾನ ಆಗ್ಲಿ ಬುಡಿ ಮೇಷ್ಟ್ರೇ. ಕೂ ಅಂದ್ಲು, ಓ ಅಂದ್ರು" ಎಂದು ಹೊರಟುಹೋದ. ಮಾರನೆಯ ದಿನ ಮಕ್ಕಳು ಎಂದಿನಂತೆ ಬಂದರು. ಚೆನ್ನಿಯೂ ಬಂದಳು.

ನೆಮ್ಮದಿ ಕೆಟ್ಟದ್ದು ನನಗೊಬ್ಬನಿಗೆ. ಆ ವಾರವೆಲ್ಲ ನಿದ್ದೆ ಬರಲಿಲ್ಲ. ಪಾಠ ಮಾಡುವಾಗ ಬಂಡೆಯ ಕಡೆ ಕಣ್ಣು ಹೋಗುತ್ತಿತ್ತು. ಸಂಜೆ ಓ ಎನ್ನಲು ಬಂಡೆ ಹತ್ತಿದರೆ, ನನಗಿಂತ ಮೊದಲು ಇನ್ಯಾರಾದರೂ ಓ ಎಂದುಬಿಟ್ಟರೆ ಎಂಬ ಹೆದರಿಕೆಯಲ್ಲಿ ಕೂ ಮುಗಿಯುವ ಮೊದಲೇ ಓ ಎಂದುಬಿಡುತ್ತಿದ್ದೆ. ಯಾರೋ ಅಣಕಿಸಿದ್ದು ಇರಬೇಕು ಎಂದು ಕೆಳಗಿನ ಊರಿನಲ್ಲಿ ಮನೆಮನೆಗೂ ಹೋಗಿ ವಿಚಾರಿಸಿದೆ. ಸಂತೆಗೆ ಹೋಗದೆ ಉಳಿದಿದ್ದವರು ಮುದುಕರು, ಬಾಣಂತಿಯರು. ಗುಡ್ಡ ಹತ್ತಿದವರು ಯಾರೂ ಇಲ್ಲ. ಜೀವರತ್ನಮ್ಮ ತೀರಿಕೊಂಡಿರಬೇಕು, ಅದಕ್ಕೇ ಹೀಗಾಯಿತು ಎಂದು ಗಾಡಿಯವನು ಊರಿನಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದ. ಅವನಿಗೆ ಬಯ್ದೆ. ಆದರೆ ನನ್ನೊಳಗೂ ಅದೇ ಅನುಮಾನ ಕೊರೆಯುತ್ತಿತ್ತು. ಮಕ್ಕಳಿಗೆ ಎರಡು ದಿನ ರಜೆ ಕೊಟ್ಟು ಭಾನುವಾರ ಹೊರಟೇಬಿಟ್ಟೆ.

ಕೊಣನೂರಿನಿಂದ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸು. ದಿಣ್ಣೆ ಬಂದಲ್ಲೆಲ್ಲ ನಿಂತುಬಿಡುತ್ತಿತ್ತು. ನಾವು ಇಳಿದು ತಳ್ಳಬೇಕಾಗಿತ್ತು. ಹಾಸನ ಮುಟ್ಟಿ, ಆಸ್ಪತ್ರೆಯ ಹೆಂಗಸರ ವಾರ್ಡಿನ ಬಾಗಿಲಲ್ಲಿ ಹೆಸರು ಹೇಳಿ, ಉತ್ತರ ಬರುವಷ್ಟರಲ್ಲಿ ನನ್ನ ಜೀವ ಅರ್ಧವಾಗಿತ್ತು. ಇದ್ದರು. ಕೊರಳಿಗೆ ಬಟ್ಟೆ ಸುತ್ತಿಕೊಂಡು, ದಿಂಬಿಗೆ ಒರಗಿ ಕುಳಿತಿದ್ದರು. ಪಕ್ಕದಲ್ಲಿ ತಂಗಿ ಕಿತ್ತಳೆ ಸುಲಿಯುತ್ತಿದ್ದರು. ನನಗೆ ಅಳು ಬಂತು, ನಗುವೂ ಬಂತು.

ಅವರ ಬಾಯಿಂದ ದನಿ ಹೊರಡುತ್ತಿರಲಿಲ್ಲ. ಬರೀ ಉಸಿರಿನಲ್ಲಿ, ತುಟಿಗೆ ಕಿವಿ ಇಟ್ಟರೆ ಮಾತ್ರ ತಿಳಿಯುವ ಹಾಗೆ ಮಾತಾಡುತ್ತಿದ್ದರು. ಮೊದಲು ತಂಗಿಯನ್ನು ಕೇಳಿದೆ. ಆ ಸಂತೆಯ ದಿನ ಅಕ್ಕನಿಗೆ ಮೈ ಸುಡುವ ಜ್ವರ, ಮಧ್ಯಾಹ್ನದಿಂದ ರಾತ್ರಿಯವರೆಗೆ ಪ್ರಜ್ಞೆ ಇಲ್ಲದ ಹಾಗೆ ಮಲಗಿದ್ದರು, ತಾವು ಪಕ್ಕದಿಂದ ಕದಲಲಿಲ್ಲ, ಒಂದು ಸಲ ನರಳಿದ್ದೂ ಕೇಳಲಿಲ್ಲ ಎಂದರು. ಆಮೇಲೆ ನಾನು ಮಂಚದ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಹಳ್ಳ ಬಂದದ್ದು, ಓ ಕೇಳಿಸಿದ್ದು, ನಾಲ್ಕು ಹಟ್ಟಿಗಳ ಕ್ರಮ. ಅವರು ಸಣ್ಣಗೆ ನಗುತ್ತ ಕೇಳುತ್ತಿದ್ದರು. ನಾನು ಹುಚ್ಚನಾಗುತ್ತಿದ್ದೇನೆ ಎಂದುಕೊಂಡಿರಬೇಕು. ಇನ್ನೊಂದು ಓ ಬಂತು, ನಿಲ್ಲದೆ ಬಂತು ಎಂದಾಗ ನಗು ನಿಂತಿತು. ನನ್ನ ಅಂಗಿಯ ತೋಳು ಹಿಡಿದು ಹತ್ತಿರಕ್ಕೆ ಎಳೆದರು.

"ಯಾವ ಕಡೆಗೆ?"

"ಕಲ್ಲಹಟ್ಟಿ ಕಡೆಗೆ."

ಅವರು ತಂಗಿಯನ್ನು ಹೊರಗೆ ಹೋಗು ಎಂದು ಸನ್ನೆ ಮಾಡಿದರು. ಆಮೇಲೆ ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು. ನಾನು ಬರುವುದಕ್ಕೆ ಕೆಲವು ವರ್ಷ ಮೊದಲು, ಕಲ್ಲಹಟ್ಟಿ ಖಾಲಿಯಾದ ಹೊಸದರಲ್ಲಿ, ಒಂದು ಸಂಜೆ ನಾಲ್ಕೂ ಹಟ್ಟಿಗಳಿಗೆ ಓ ಎಂದು ಬಂಡೆಯಿಂದ ಇಳಿಯುವಾಗ ಆ ಕಡೆಯಿಂದ ಕೂ ಎಂದು ಕೇಳಿಸಿತಂತೆ. ಮಗುವಿನ ದನಿ. ಅಲ್ಲಿ ಯಾರೂ ಇಲ್ಲ ಎಂದು ಅವರಿಗೆ ಗೊತ್ತು. ಹಾಳುಹಟ್ಟಿಗೆ ಓಗೊಡಬಾರದು ಎಂಬ ಜನರ ಮಾತಿಗೆ ತರಗತಿಯಲ್ಲಿ ನಕ್ಕವರು ಅವರೇ. ಆದರೆ ಆ ಹೊತ್ತು, ಒಬ್ಬರೇ ಇದ್ದಾಗ, ಮೈಯೆಲ್ಲ ಮುಳ್ಳೆದ್ದಿತು. ಒಳಗೆ ಹೋಗಿ ಅಗುಳಿ ಹಾಕಿಕೊಂಡು ಪ್ರಾರ್ಥನೆಗೆ ಕುಳಿತರು. ಇನ್ನೂ ಎಷ್ಟೋ ಸಲ ಕೂಗು ಬಂತು.

"ಸಾಕಿ ಅಂತ, ನನ್ನ ಶಾಲೆ ಹುಡುಗೀನೇ ಮೇಷ್ಟ್ರೇ. ಅವಳ ಮನೆಯವರು ಕಲ್ಲಹಟ್ಟಿ ಬಿಟ್ಟು ಮೇಗಳಹಟ್ಟಿಗೆ ಬಂದಿದ್ರು. ಹಳೇ ಮನೇಲಿ ಬಿಟ್ಟುಬಂದ ಕೋಳಿ ಹುಡುಕ್ಕೊಂಡು ಹೋಗಿದ್ಲು. ಮಾರನೇ ದಿನ ಸಿಕ್ಕಿದ್ಲು. ಮನೆಗೆ ತರೋ ಹಾಗಿರ್ಲಿಲ್ಲ."

ಆನೆ ತುಳಿದಿತ್ತು. ಕೂಗು ಕೇಳಿಸಿತ್ತು ಎಂದು ಅವರು ಯಾರಿಗೂ ಹೇಳಿರಲಿಲ್ಲ, ಪಾದ್ರಿಯ ಹತ್ತಿರವೂ ಹೇಳಿರಲಿಲ್ಲ.

ಅವರಿಗೆ ಸಮಾಧಾನವಾಗಲಿ ಎಂದು, ಮೊನ್ನೆ ಸಂಜೆ ಓ ಎಂದವರು ನೀವೇ ಇರಬೇಕು, ಜ್ವರದಲ್ಲಿ ನಿಮ್ಮ ಮನಸ್ಸು ಅಲ್ಲಿಗೆ ಹೋಗಿತ್ತೋ ಏನೋ ಎಂದೆ. ಅಂಥ ಮಾತು ನನ್ನ ಬಾಯಲ್ಲಿ! ಆದರೆ ಅಂದೆ. ಅವರು ಕಿಟಕಿಯ ಕಡೆ ತಿರುಗಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಪಡುತ್ತಿದ್ದರು, ಒಂದು ಕನಸಾದರೂ ಬಿದ್ದಿತ್ತೇ ಎಂದು. ಕೊನೆಗೆ ತಲೆ ಅಲ್ಲಾಡಿಸಿದರು.

"ನಾನಲ್ಲ ಮೇಷ್ಟ್ರೇ. ನಾನಾಗಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು."

ಇಷ್ಟು ಹೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಅವರ ಹೆಗಲು ಅಲುಗುತ್ತಿತ್ತು, ದನಿ ಮಾತ್ರ ಒಂದಿಷ್ಟೂ ಇರಲಿಲ್ಲ.

ಬೇಸಗೆಗೆ ಮುಂಚೆ ಅವರು ಶಾಲೆಗೆ ಹಿಂದಿರುಗಿದರು. ಹತ್ತಿರದವರಿಗೆ ಕೇಳಿಸುವಷ್ಟು ದನಿ ಬಂದಿತ್ತು, ಬಂಡೆಯಿಂದ ಕೂಗುವಂಥ ದನಿ ಮತ್ತೆ ಬರಲಿಲ್ಲ. ನಾನು ಓ ಎನ್ನುವಾಗ ಅವರು ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ಮೊದಲ ಸಂಜೆ ನಾಲ್ಕು ಹಟ್ಟಿಗಳೂ ಮುಗಿದು ನಾನು ಇಳಿಯಲು ಹೊರಟರೂ ಅವರು ಏಳಲಿಲ್ಲ. ಉತ್ತರಕ್ಕೆ ಮುಖ ಮಾಡಿ ಕುಳಿತೇ ಇದ್ದರು. ನಾನು ತಿರುಗಿ ನಿಂತು, "ಕಲ್ಲಹಟ್ಟೀ... ಓ..." ಎಂದೆ. ಅಂದಿನಿಂದ ದಿನವೂ ಹಾಗೆಯೇ. ಗಾಡಿಯವನು ಬಂದು ಕೈ ಮುಗಿದು ಬೇಡ ಎಂದ. ಆಮೇಲೆ ಅವನಿಗೂ ರೂಢಿಯಾಯಿತು.

ಕೆಲವು ವರ್ಷಗಳ ಮೇಲೆ ನನಗೆ ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಆ ಸಂಜೆ ಬಂಡೆಯಿಂದ ಓ ಎಂದವರು ಯಾರು ಎಂದು ಅಲ್ಲಿಂದ ಹೊರಡುವವರೆಗೂ ನನಗೆ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಮಂಜು, ಗಾಳಿ, ಪ್ರತಿಧ್ವನಿ ಎಂದು ಬಲ್ಲವರು ಹೇಳಿದ್ದನ್ನೆಲ್ಲ ಕೇಳಿದ್ದೇನೆ. ಪ್ರತಿಧ್ವನಿಗೆ ಹಟ್ಟಿಯ ಹೆಸರು ಹೇಗೆ ಗೊತ್ತು ಎಂದರೆ ಅವರು ಮಾತು ಬದಲಿಸುತ್ತಾರೆ. ಗುಡ್ಡದ ಮೇಲಿನ ನನ್ನ ಕೊನೆಯ ಸಂಜೆ ನಾಲ್ಕು ಹಟ್ಟಿಗಳ ಕೂ ಬಂತು, ಓ ಎಂದೆ. ಕಲ್ಲಹಟ್ಟಿಯ ಕಡೆಗೂ ಓ ಎಂದೆ. ನಾಳೆಯಿಂದ ಇದನ್ನು ಯಾರು ಹೇಳುತ್ತಾರೆ ಎಂದು ಜೀವರತ್ನಮ್ಮನವರನ್ನು ಕೇಳಬೇಕೆಂದು ಬಾಯಿಗೆ ಬಂದಿತ್ತು, ಕೇಳಲಿಲ್ಲ. ನಾನು ಒಳಗೆ ಹೋಗಿ ಪೆಟ್ಟಿಗೆ ಕಟ್ಟಿದೆ. ಅವರು ಪೂರ್ತಿ ಕತ್ತಲಾದ ಮೇಲೂ ಬಂಡೆಯ ಮೇಲೆಯೇ ಇದ್ದರು, ಆ ಕಡೆಗೆ ಕಿವಿಗೊಟ್ಟುಕೊಂಡು.